ಹನ್ನೊಂದು ನಿಮಿಷ ನಲವತ್ತು ಸೆಕೆಂಡು

ಆ ಸಿನಿಮಾದಲ್ಲಿ ನಲವತ್ತು ಲಕ್ಷ ಜನ ಸಾಯುವುದಕ್ಕೆ ಎರಡು ನಿಮಿಷ ಹತ್ತು ಸೆಕೆಂಡು ಹಿಡಿಯುತ್ತದೆ. ಅದರ ಕನ್ನಡ ಮಾತುಗಳನ್ನು ಬರೆದವಳು ನಾನೇ ಆದ್ದರಿಂದ ಇದು ನನಗೆ ಚೆನ್ನಾಗಿ ಗೊತ್ತು. ಆಕಾಶದಲ್ಲಿ ತೇಲುವಂತೆ ಕಟ್ಟಿದ ಒಂದು ಊರು ಕಳಚಿಕೊಂಡು, ಕೆಳಗೆ ಸಮುದ್ರದ ದಂಡೆಯಲ್ಲಿರುವ ನಗರದ ಮೇಲೆ ಬೀಳುತ್ತದೆ. ಸೇತುವೆಗಳು ಜೋಳದ ದಂಟಿನಂತೆ ಮುರಿಯುತ್ತವೆ. ನಾಯಕ ತನ್ನ ವಿಮಾನದ ಗಾಜಿನಿಂದ ಅದನ್ನು ನೋಡುತ್ತಾನೆ. ಅವನೂ ಅವನ ಗೆಳೆಯನೂ ಅದೇ ನಗರದಲ್ಲಿ ಊಟಕ್ಕೆ ಇಳಿಯುವವರಿದ್ದರು. ಎಲ್ಲ ಮುಗಿದು ಹೊಗೆ ಏಳುತ್ತಿರುವಾಗ ಗೆಳೆಯ ಒಂದು ತಮಾಷೆ ಮಾಡುತ್ತಾನೆ. ಮೂಲದ ತಮಾಷೆ ಕನ್ನಡಕ್ಕೆ ಒಗ್ಗುತ್ತಿರಲಿಲ್ಲ. ಒಂದಿಡೀ ಮಧ್ಯಾಹ್ನ ಕೂತು, ಅವನ ತುಟಿ ಅಲುಗುವುದಕ್ಕೆ ಸರಿಹೊಂದುವಂತೆ, "ಹಂಗಾದ್ರೆ ಇವತ್ತು ಮೀನೂಟ ಇಲ್ಲ ಅನ್ನು" ಎಂದು ಬರೆದೆ. ಬರೆದು ಖುಷಿಪಟ್ಟೆ. ಅದನ್ನು ಮುಚ್ಚಿಟ್ಟು ಏನೂ ಪ್ರಯೋಜನವಿಲ್ಲ.

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ನಾನು ಮತ್ತು ನನ್ನ ಅಬ್ಬಾ ಲಾಡಲೇಸಾಬ, ಇಬ್ಬರೇ. ಕನ್ನಡದಲ್ಲಿ ಎಂ.ಎ. ಮಾಡಿದ ಮೇಲೆ ಕೆಲವು ವರ್ಷ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಈಗ ಹೊರದೇಶದ ಸಿನಿಮಾಗಳಿಗೆ ಮನೆಯಿಂದಲೇ ಮಾತು ಬರೆಯುತ್ತೇನೆ. ಗ್ಯಾಸ್ ಆರಿಸಿದ್ದೇನೆಯೇ ಎಂದು ಮೂರು ಸಲ ನೋಡುವ ಸ್ವಭಾವದವಳಿಗೆ ಇದು ಹೊಂದುವ ಕೆಲಸ. ಒಂದು ಅಕ್ಷರ ಹೆಚ್ಚಾದರೂ ತುಟಿ ಮುಚ್ಚಿದ ಮೇಲೆ ಮಾತು ಉಳಿದುಬಿಡುತ್ತದೆ.

ಬೆಂಗಳೂರಿನ ಕಂಪನಿಯಿಂದ ಕೆಲಸ ತರುವವನು ಚೇತನಕುಮಾರ. ಬಬಲೇಶ್ವರದವನು, ಸ್ಟೇಷನ್ ರಸ್ತೆಯಲ್ಲಿ ಒಂದು ಅಂಗಡಿಯ ಮೇಲಿನ ಕೋಣೆಯನ್ನು ರೆಕಾರ್ಡಿಂಗ್ ಸ್ಟುಡಿಯೋ ಮಾಡಿಕೊಂಡಿದ್ದಾನೆ. ಒಂದು ಸೋಮವಾರ ಅವನ ಫೋನು ಬಂತು.

"ಅಕ್ಕಾ, ಆ ಊರು ಸಾಯೂ ಸೀನಿಗೆ ಮಂದಿ ಬೇಕು. ಚೀರಾಡೂದು, ಅಳೂದು, ಎಲ್ಲಾ ನಾವ ತುಂಬಬೇಕಂತ. ಬೆಂಗಳೂರಾಗಿಂದ ಈಗ ಹೇಳ್ಯಾರ."

"ಎಷ್ಟು ಮಂದಿ?"

"ನಾಲ್ಕೈದು ಹೆಂಗಸರು ಸಾಕು. ನಾ ನಕಲು ಮಾಡಿ ಮಾಡಿ ನಲವತ್ತು ಲಕ್ಷ ಮಾಡ್ತೀನಿ." ನಕ್ಕ. "ಆದ್ರ ಕಾಲೇಜ್ ಹುಡುಗ್ಯಾರನ್ನ ತರಬ್ಯಾಡ್ರಿ. ಹೋದ ಸಲ ಭೂಕಂಪ ಆಗಾಕತ್ತೈತಿ ಅಂದ್ರ ಕಿಸಿಕಿಸಿ ನಗತಿದ್ವು. ಖರೇನ ಅಳೂ ಮಂದಿ ಬೇಕು. ನಾಳೆ ಸಂಜಿ ಆರಕ್ಕ ಕಳಸೂದೈತಿ."

ಖರೇನ ಅಳುವವರು ಎಂದಾಗ ನನಗೆ ಮುರಿಗೆವ್ವ ಒಬ್ಬರೇ ನೆನಪಾದರು.

ಮುರಿಗೆವ್ವ ಕಳ್ಳಕವಟಗಿಯವರು. ಪ್ರತಿ ಮಂಗಳವಾರ ಟಿಕೋಟಾದಲ್ಲಿ ಬಸ್ಸು ಬದಲಿಸಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಹೊತ್ತುಕೊಂಡು ಬಂದು ಗುಡಿಯ ಹತ್ತಿರ ಮಾರುತ್ತಾರೆ. ಮೊದಲ ಗಂಟು ಬಿಚ್ಚುವುದು ನಮ್ಮ ಮನೆಯ ಕಟ್ಟೆಯ ಮೇಲೆ. ಅವರ ಇನ್ನೊಂದು ಕೆಲಸ ಹಾಡ್ಯಾಡಿ ಅಳುವುದು. ಅವರ ಕಡೆ ಸತ್ತವರನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ, ಹೂ ಏರಿಸಿ, ಎದುರಿಗೆ ಹೆಂಗಸರು ಕೂತು ಅಳುತ್ತಾರೆ. ಬರಿಯ ಅಳುವಲ್ಲ. ಸತ್ತವರ ಹೆಸರು ಹಿಡಿದು ಕರೆದು, ಅವರು ಏನು ಉಣ್ಣುತ್ತಿದ್ದರು, ಯಾರ ಮೇಲೆ ಸಿಟ್ಟಾಗುತ್ತಿದ್ದರು, ಯಾವ ಸೀರೆ ಬೇಡಿದ್ದರು ಎಂದು ಒಂದೊಂದನ್ನೇ ಹೇಳಿ ಅಳುವುದು. ನಲವತ್ತು ವರ್ಷ ಸುತ್ತಲಿನ ಊರುಗಳಲ್ಲಿ ಯಾರು ಸತ್ತರೂ ಮುರಿಗೆವ್ವನನ್ನು ಕರೆಯುತ್ತಿದ್ದರು.

ಎರಡು ವರ್ಷದಿಂದ ಅವರು ಅಳಲು ಎಲ್ಲಿಗೂ ಹೋಗಿರಲಿಲ್ಲ. ಅವರ ಮಗಳು ರೇಣುಕಾ ಒಣದ್ರಾಕ್ಷಿ ಇಡುವ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಹಣ್ಣು ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಅಲ್ಲಿ ಗ್ಯಾಸು ಸೋರಿ ಒಂಬತ್ತು ಹೆಂಗಸರು ಸತ್ತರು. ದವಾಖಾನೆಯಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದ ರೇಣುಕಾಳನ್ನು ಪೊಲೀಸರು ಮನೆಗೆ ಒಯ್ಯಗೊಡಲಿಲ್ಲ. ಬಿಚ್ಚಬೇಡಿ ಎಂದರು. ಗಾಡಿಯಿಂದ ನೇರ ಹೊಲಕ್ಕೆ ಒಯ್ದು ಮಣ್ಣು ಮಾಡಿದರು. ಕೂರಿಸಲಿಲ್ಲ, ಮುಖ ನೋಡಲಿಲ್ಲ. ಆದ್ದರಿಂದ ಮುರಿಗೆವ್ವ ಅಳಲಿಲ್ಲ. ಆಮೇಲೆ ಬೇರೆಯವರು ಕರೆಯಲು ಬಂದಾಗ, "ನಮ್ಮ ರೇಣೂಂದು ಆಗಿಲ್ಲ. ಆಕೀದು ಆಗೂತನಾ ಮತ್ತೊಬ್ಬರ ಮುಂದ ಹೆಂಗ ಕುಂದ್ರಲಿ?" ಎಂದು ಕಳಿಸಿಬಿಡುತ್ತಿದ್ದರು.

ಇದೆಲ್ಲ ಗೊತ್ತಿದ್ದೂ ಮರುದಿನ ನಾನು ಕೇಳಿದೆ. ರೊಟ್ಟಿ ಎಣಿಸುತ್ತಿದ್ದ ಅವರ ಕೈ ನಿಂತಿತು.

"ಸಿನಿಮಾದಾಗ ಅಳೂದಾ?"

"ಸುಳ್ಳು ಅಳು ಆಯಿ. ಬರೇ ಸಪ್ಪಳ. ನಮ್ಮ ಖಾಲಾನೂ ಬರ್ತಾಳ."

"ಸುಳ್ಳಂದ್ರ ಬರ್ತೀನಿ ತಗೋ," ಎಂದರು. "ಸುಳ್ಳಿಗೇನು, ಹಲ್ಲ ನೋವಾದ್ರೂ ಅಳ್ತಾರ."

ಹೀಗೆ ಆ ಮಂಗಳವಾರ ಮೂರು ಗಂಟೆಗೆ ನಾವು ನಾಲ್ವರು ಚೇತನನ ಮೆಟ್ಟಿಲು ಹತ್ತಿದೆವು: ಮುರಿಗೆವ್ವ, ನಾನು, ನಮ್ಮ ತಾಯಿಯ ತಂಗಿ ಪೀರಾಂಬಿ ಖಾಲಾ, ಪಕ್ಕದ ಮನೆಯ ಶೈಲಶ್ರೀ. ಪೀರಾಂಬಿ ಖಾಲಾ ಜರಿಯ ಸೀರೆ ಉಟ್ಟು ಬಂದಿದ್ದರು.

"ಖಾಲಾ, ಬರೇ ಧ್ವನಿ. ನೀವು ಕಾಣೂದಿಲ್ಲ."

"ಕಾಣ್ಲಿಲ್ಲಂದ್ರೇನಾತು? ಸೀರಿ ಚಲೋ ಇದ್ರ ಧ್ವನಿನೂ ಚಲೋ ಬರ್ತೈತಿ."

ಚೇತನ ಶಬ್ದವಿಲ್ಲದೆ ಆ ದೃಶ್ಯವನ್ನು ಟಿವಿಯಲ್ಲಿ ಹಾಕಿದ. ಕೈ ಎತ್ತಿದಾಗ ಚೀರಬೇಕು ಎಂದ. ಕೈ ಎತ್ತಿದ. ಪೀರಾಂಬಿ ಖಾಲಾ "ಯಾ ಅಲ್ಲಾ!" ಎಂದು ಕಿಟಕಿಯ ಗಾಜು ನಡುಗುವಂತೆ ಕೂಗಿದರು. ಚೇತನ ಕಿವಿಯಿಂದ ಹೆಡ್‌ಫೋನು ತೆಗೆದ.

"ದೇವರ ಹೆಸರು ಬ್ಯಾಡ್ರಿ ಖಾಲಾ, ಅದು ಬ್ಯಾರೆ ದೇಶ. ಯಾರ ಹೆಸರೂ ಬ್ಯಾಡ. ಬರೇ 'ಆ' ಅನ್ರಿ, 'ಓ' ಅನ್ರಿ."

ಯಾರ ಹೆಸರೂ ಬೇಡ ಎಂದು ಅವನು ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ. ಇದನ್ನು ಇಲ್ಲಿಯೇ ಹೇಳಿಬಿಡಬೇಕು.

ನಮ್ಮ ಮೂವರದೂ ಆಯಿತು. ಮುರಿಗೆವ್ವ ಮಾತ್ರ ಬಾಯಿ ತೆರೆಯಲಿಲ್ಲ. ಮೂರು ಸಲ ಕೈ ಎತ್ತಿದರೂ ಟಿವಿಯನ್ನೇ ನೋಡುತ್ತ ಕೂತಿದ್ದರು.

"ಸತ್ತಾರಲ್ಲ, ಅವರು ಯಾರಪ್ಪಾ?"

"ಮಂದಿ ಆಯಿ. ಊರ ಮಂದಿ."

"ಅದಕ್ಕ ಯಾರಂತ ಕೇಳಾಕತ್ತೀನಿ. ಹೆಂಗಸೋ ಗಂಡಸೋ? ಮಕ್ಕಳು ಎಷ್ಟ? ಏನ್ ಕೆಲಸ ಮಾಡ್ತಿದ್ರು?"

"ನಲವತ್ತು ಲಕ್ಷ ಮಂದಿ ಅದಾರ ಆಯಿ!"

"ಇರ್ಲಿ. ಅದರಾಗ ಒಬ್ಬರದಾದ್ರೂ ಹೆಸರು ಹೇಳು. ನಾ ಅಳ್ತೀನಿ."

ಚೇತನ ನನ್ನ ಕಡೆ ನೋಡಿದ. ನಾನು ನನ್ನ ಹಾಳೆಗಳನ್ನು ತಿರುವಿದೆ. ನಾಯಕನ ವಿಮಾನಕ್ಕೂ ಒಂದು ಹೆಸರಿತ್ತು, ನಾಯಿಗೂ ಇತ್ತು. ಆ ನಗರದವರ ಪೈಕಿ ಇದ್ದದ್ದು: ಹೆಂಗಸು ಒಂದು, ಹೆಂಗಸು ಎರಡು, ಹಣ್ಣು ಮಾರುವವನು. ನಾನೇ ಅನುವಾದಿಸಿದ ಪಟ್ಟಿ. ಅದರಲ್ಲಿ ಏನೋ ಕೊರತೆಯಿದೆ ಎಂದು ಅದುವರೆಗೆ ನನಗೆ ಅನಿಸಿರಲಿಲ್ಲ.

ಆಗ ಗಂಟೆ ನಾಲ್ಕೂವರೆ. ಚೇತನ ಗಡಿಯಾರ ನೋಡಿಕೊಳ್ಳುತ್ತಿದ್ದ. ನಾನು ಹೇಳಿದೆ, "ಆಯಿ, ರೇಣುಕಾ ಅಂತ ಅನಕೋರಿ."

ಕೋಣೆಯಲ್ಲಿ ಫ್ಯಾನೂ ತಿರುಗುತ್ತಿರಲಿಲ್ಲ, ಸದ್ದಾಗುತ್ತದೆಂದು ಆರಿಸಿದ್ದರು. ಪೀರಾಂಬಿ ಖಾಲಾ ನನ್ನ ತೋಳು ಚಿವುಟಿದರು. ಅಳು ಒಳಗೇ ಉಳಿದ ಮುದುಕಿಗೆ ಇದರಿಂದ ಒಳ್ಳೆಯದಾದೀತು ಎಂದು ನಾನು ಯೋಚಿಸಿದ್ದೆ, ಅದು ನಿಜ. ಆರು ಗಂಟೆಯೊಳಗೆ ಮುಗಿಯಬೇಕು ಎಂದು ಯೋಚಿಸಿದ್ದೂ ನಿಜ. ಯಾವುದು ಮೊದಲು ಬಂತು ಎಂದು ಎಷ್ಟು ಸಲ ಕೇಳಿಕೊಂಡರೂ ನನಗೆ ತಿಳಿಯುತ್ತಿಲ್ಲ.

ಮುರಿಗೆವ್ವ ನನ್ನನ್ನು ಬಹಳ ಹೊತ್ತು ನೋಡಿದರು. "ಇದು ಮಂದಿಗಿ ಕೇಳಸ್ತೈತಾ ತಂಗಿ?"

ಹಾಡ್ಯಾಡಿ ಅಳುವುದು ಅದಕ್ಕೇ. ಓಣಿಯವರು ಕೇಳಬೇಕು, ಇಂಥವಳೊಬ್ಬಳು ಇದ್ದಳು ಎಂದು ನಾಲ್ಕು ಜನರ ಕಿವಿಗೆ ಬೀಳಬೇಕು. ಯಾರೂ ಕೇಳದಿದ್ದರೆ ಅದು ಅತ್ತಂತೆ ಅಲ್ಲ. ನಾನು ಹೇಳಿದೆ, "ಕೇಳಸ್ತೈತಿ ಆಯಿ. ದೊಡ್ಡ ಥೇಟರಿನಾಗ, ಸಾವಿರಾರು ಮಂದಿಗಿ."

ಅವರು ಎದ್ದು, ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದು ಗೋಡೆಗೆ ಆನಿಸಿದರು. ರೊಟ್ಟಿ ಕಟ್ಟಿದ್ದ ಬಿಳಿ ಬಟ್ಟೆಯನ್ನು ಕೊಡವಿ, ಮಡಿಸಿ, ಕುರ್ಚಿಯ ಮೇಲಿಟ್ಟರು. ಬಟ್ಟೆಯ ತುದಿಯನ್ನು ಎರಡು ಸಲ ಸರಿಮಾಡಿದರು, ಸೆರಗು ಸರಿಮಾಡುವ ಹಾಗೆ. ಅದರ ಎದುರಿಗೆ ನೆಲದ ಮೇಲೆ ಕೂತರು. ಚೇತನ ಮೈಕನ್ನು ಕೆಳಗೆ ಇಳಿಸಿದ.

"ಎದ್ದು ಬಾ ನನ್ನ ರೇಣೂ, ಬುತ್ತಿ ಹಂಗ ಐತೆಲ್ಲ ಬೇ, ಗಂಟ ಬಿಚ್ಚದ ಹೋದೆಲ್ಲ..."

ಅಳು ಶುರುವಾಯಿತು.

ಆಮೇಲೆ ಎಷ್ಟೋ ದಿನ ನಾನು ಆ ಹೊತ್ತನ್ನು ನೆನೆಸಿಕೊಳ್ಳಲು ಪ್ರಯತ್ನಿಸಿದ್ದೇನೆ. ಮುರಿಗೆವ್ವನ ಬೆನ್ನು ನೆನಪಿದೆ, ಅದು ಹಿಂದೆ ಮುಂದೆ ತೂಗುತ್ತಿದ್ದದ್ದು. ಶೈಲಶ್ರೀ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಹೊರಗೆ ಹೋದದ್ದು ನೆನಪಿದೆ. ಎಲ್ಲಕ್ಕಿಂತ ಚೆನ್ನಾಗಿ ನೆನಪಿರುವುದು ಚೇತನನ ಕಂಪ್ಯೂಟರಿನಲ್ಲಿ ಓಡುತ್ತಿದ್ದ ಹಸಿರು ಅಂಕಿಗಳು. ಎರಡು ನಿಮಿಷ ದಾಟಿತು. ಐದು ದಾಟಿತು. ದೃಶ್ಯಕ್ಕೆ ಬೇಕಾದದ್ದು ಎರಡು ನಿಮಿಷ ಹತ್ತು ಸೆಕೆಂಡು. ಇದರಲ್ಲಿ ಯಾವ ಭಾಗ ಹೊಂದೀತು, ಎಲ್ಲಿ ಕತ್ತರಿಸಬಹುದು, ಆರರೊಳಗೆ ಕಳಿಸಲು ಆದೀತೇ ಎಂದು ನನ್ನ ಕಣ್ಣು ಆ ಅಂಕಿಗಳ ಮೇಲೇ ಇತ್ತು. ಚೇತನ ಹೆಡ್‌ಫೋನು ಹಾಕಿಕೊಂಡು, ಧ್ವನಿ ಎಲ್ಲಿಯಾದರೂ ಒಡೆಯುತ್ತದೆಯೇ ಎಂದು ಮಾತ್ರ ಆಲಿಸುತ್ತಿದ್ದ.

"ಹೋಗಿ ಬಾ ಬೇ, ಕದಾ ಹಾಕೂದಿಲ್ಲ," ಎಂದು ಕೊನೆಗೆ ಮುರಿಗೆವ್ವ ಬಟ್ಟೆಯನ್ನು ಕುರ್ಚಿಯಿಂದ ಎತ್ತಿಕೊಂಡರು. ಹನ್ನೊಂದು ನಿಮಿಷ ನಲವತ್ತು ಸೆಕೆಂಡು.

"ಧ್ವನಿ ಲೆವೆಲ್ ಚಲೋ ಬಂದೈತಿ," ಎಂದ ಚೇತನ.

ಮುರಿಗೆವ್ವ ಮುಖ ತೊಳೆದು ಚಹಾ ಕುಡಿದರು. "ಉಳದ ಎಂಟೂ ಹುಡುಗ್ಯಾರ ಹೆಸರು ಹಿಡದು ಅತ್ತೀನಿ ತಂಗಿ. ಅವರದೂ ಯಾರೂ ಅತ್ತಿದ್ದಿಲ್ಲ," ಎಂದರು. ನಾನು ಹೌದು ಎಂದು ತಲೆಯಾಡಿಸಿದೆ.

ಮುಂದಿನ ಮಂಗಳವಾರ ಅವರು ಬಂದಾಗ ಬೇರೆಯೇ ಮನುಷ್ಯರಾಗಿದ್ದರು. ಎರಡು ವರ್ಷಗಳ ಮೇಲೆ ಮೊದಲ ಬಾರಿ ಬೇರೆಯವರ ಮನೆಯ ಒಂದು ಮಣ್ಣಿಗೆ ಹೋಗಿ ಅತ್ತು ಬಂದಿದ್ದರು. "ಎದಿ ಹಗರ ಆಗೇತಿ," ಎಂದರು. ಊರಲ್ಲಿ ಎಲ್ಲರಿಗೂ ಹೇಳಿದ್ದರು: ಒಂಬತ್ತು ಮಂದಿಯ ಹೆಸರು ಸಿನಿಮಾದಲ್ಲಿ ಕೇಳಿಸುತ್ತದೆ. ಪ್ರತಿ ವಾರ ರೊಟ್ಟಿ ಕೊಡುತ್ತ, "ಬಂತೇನ ಸಿನಿಮಾ?" ಎನ್ನುವರು. ನಾನು "ಇನ್ನೂ ಇಲ್ಲ ಆಯಿ" ಎನ್ನುವೆ. ಪ್ರತಿ ವಾರವೂ ಅವರಿಗೆ ನಿಜ ಹೇಳಬಹುದಿತ್ತು. ಸೋಮವಾರ ರಾತ್ರಿ ಮಾತು ಜೋಡಿಸಿಕೊಂಡು ಮಲಗುತ್ತಿದ್ದೆ, ಬೆಳಿಗ್ಗೆ ಅವರ ಮುಖ ನೋಡಿ ನುಂಗಿಕೊಳ್ಳುತ್ತಿದ್ದೆ.

ಮೂರು ತಿಂಗಳಿಗೆ ಸಿನಿಮಾ ಬಂತು. "ಮೊದಲ ನಾ ಒಬ್ಬಾಕಿ ಕೇಳಿ ಬರ್ತೀನಿ. ಆಮ್ಯಾಲ ಊರವರನ್ನ ಕರಕೊಂಡು ಬರೂಣು," ಎಂದರು ಮುರಿಗೆವ್ವ. ಮಧ್ಯಾಹ್ನದ ಆಟಕ್ಕೆ ಹೋದೆವು. ಅವರು ಹೊಸ ಇಳಕಲ್ ಸೀರೆ ಉಟ್ಟಿದ್ದರು.

ನಗರ ಬೀಳುವ ದೃಶ್ಯ ಹತ್ತಿರ ಬಂದಾಗ ನಾನು ಅವರ ಕೈ ಹಿಡಿದೆ. "ಈಗ ಆಯಿ." ಅವರು ಕಿವಿಯ ಮೇಲಿನ ಸೆರಗನ್ನು ಹಿಂದೆ ಸರಿಸಿದರು.

ಕುರ್ಚಿಗಳು ನಡುಗಿದವು. ಗುಡುಗು, ಲೋಹ ಸೀಳುವ ಸದ್ದು, ಅದರ ಮೇಲೆ ನೂರು ಪಿಟೀಲುಗಳು. ಮುಂದಿನ ಸಾಲಿನವರು ಮೊಬೈಲ್ ಎತ್ತಿ ಅದನ್ನು ಸೆರೆಹಿಡಿಯುತ್ತಿದ್ದರು. ನಲವತ್ತು ಲಕ್ಷ ಜನರನ್ನು ನಾನು ನೋಡಲೇ ಇಲ್ಲ, ಒಂದು ಧ್ವನಿಗಾಗಿ ಕಾಯುತ್ತಿದ್ದೆ. ಒಂದೂವರೆ ನಿಮಿಷದ ಹೊತ್ತಿಗೆ, ಒಂದು ಗೋಪುರ ಮುರಿದು ಇನ್ನೊಂದು ಮುರಿಯುವ ನಡುವೆ, ಯಾರೋ ಉಸಿರೆಳೆದುಕೊಂಡಂತೆ ಕೇಳಿಸಿತು. ಅಳುವವಳು ಒಂದು ಸಾಲು ಮುಗಿಸಿ ಮುಂದಿನ ಸಾಲಿಗಾಗಿ ಒಳಗೆಳೆದುಕೊಳ್ಳುವ ಉಸಿರು. ಅಷ್ಟೇ. ಅದು ಅವರದೇ ಎಂದು ನಾನು ಆಣೆ ಮಾಡಿ ಹೇಳಲಾರೆ.

ಹೊಗೆ ಎದ್ದಿತು. "ಹಂಗಾದ್ರೆ ಇವತ್ತು ಮೀನೂಟ ಇಲ್ಲ ಅನ್ನು" ಎಂದ ನಾಯಕನ ಗೆಳೆಯ. ಇಡೀ ಥಿಯೇಟರು ನಕ್ಕಿತು. ಹಿಂದೆ ಯಾರೋ ಸಿಳ್ಳೆ ಹಾಕಿದರು.

"ಬಂತೇನ ತಂಗಿ?" ಮುರಿಗೆವ್ವ ನನ್ನ ಕಿವಿಯ ಹತ್ತಿರ ಕೇಳಿದರು. "ಮಂದಿ ಯಾಕ ನಗಾಕತ್ತಾರ? ಮುಂದ ಬರ್ತೈತೇನ?"

ನಾನು ಪರದೆಯ ಕಡೆ ತಿರುಗಿದೆ. ಅವರು ಮುಂದೆ ಬರುತ್ತದೆ ಎಂದುಕೊಂಡು ಕೂತರು.

ಸಿನಿಮಾದ ಕೊನೆಯಲ್ಲಿ ನಾಯಕನ ಮಗಳು ಸಾಯುತ್ತಾಳೆ. ಅವಳಿಗೆ ಎಂಟು ನಿಮಿಷ ಕೊಟ್ಟಿದ್ದಾರೆ. ಸಂಗೀತ ನಿಲ್ಲುತ್ತದೆ, ತಂದೆ ಅವಳ ಹೆಸರು ಕರೆಯುತ್ತಾನೆ, ಅವಳು ಬಾಲ್ಯದಲ್ಲಿ ಬೂಟು ಹಾಕಿಕೊಳ್ಳಲು ಹಠ ಮಾಡುತ್ತಿದ್ದದ್ದನ್ನು ಹೇಳಿ ಅಳುತ್ತಾನೆ. ಸಿಳ್ಳೆ ಹಾಕಿದವರು ಮೂಗು ಒರೆಸಿಕೊಂಡರು. ಮುರಿಗೆವ್ವ ಅತ್ತರು. "ಪಾಪ ಕೂಸು, ಅಪ್ಪ ಚಲೋ ಅಳ್ತಾನ," ಎಂದರು. ನಾನೇ ಎಷ್ಟೋ ಸಲ ಬರೆದು ತಿದ್ದಿದ್ದ ದೃಶ್ಯ, ಆದರೂ ನಾನೂ ಅತ್ತೆ.

ಪರದೆಯ ಮೇಲೆ ಕೆಲಸ ಮಾಡಿದವರ ಹೆಸರುಗಳು ಏರತೊಡಗಿದವು. ಜನ ಎದ್ದರು. ಮುರಿಗೆವ್ವ ಏಳಲಿಲ್ಲ. "ಹೆಸರು ಬರಾಕತ್ತಾವ ನೋಡು. ಇದರಾಗ ಇರಬೇಕು. ನೀ ಓದು." ಕೊನೆಯ ಹೆಸರು ಏರಿ ಹೋಗುವವರೆಗೆ ನಾನು ಓದುವಂತೆ ನಟಿಸಿದೆ. ಕಸ ಗುಡಿಸುವವರು ಬಂದು ದೀಪ ಹಾಕಿದರು.

ಹೊರಗೆ ಬಂದು, ಅವರನ್ನು ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಿಲ್ಲಿಸಿ, ಚೇತನನಿಗೆ ಫೋನು ಮಾಡಿದೆ.

"ಬೆಂಗಳೂರಿನವರು ಮಾತು ಬ್ಯಾಡ ಅಂದ್ರಕ್ಕಾ. ಆ ದೇಶದಾಗ ರೇಣುಕಾ ಎಲ್ಲಿಂದ ಬರ್ತಾಳ? ಬರೇ ಉಸುರು ತಗೊಂಡಾರ."

"ಮೂಲ ರೆಕಾರ್ಡಿಂಗು ಐತೇನು ನಿನ್ನ ಹಂತ್ಯಾಕ?"

"ಡಿಸ್ಕ್ ತುಂಬಿತ್ತು. ಕಳಿಸಿದ ವಾರದಾಗ ಅಳಿಸಿಬಿಟ್ಟೆ." ಅವನೇ ಮುಂದುವರಿಸಿದ, "ಸಿಟ್ಟಾಗಬ್ಯಾಡ್ರಿ. ಮಂದಿ ಆ ಒಂದು ಹುಡುಗಿಗಿ ಅತ್ತರಲ್ಲ? ನಲವತ್ತು ಲಕ್ಷಕ್ಕ ಅಳಾಕ ಯಾರಿಗಾಗ್ತೈತಕ್ಕಾ? ಅದಕ್ಕ ಕಣ್ಣೀರೆಲ್ಲಾ ಆಕಿ ಒಬ್ಬಾಕಿಗಿ ತಗದಿಟ್ಟಾರ. ಉಳದದ್ದು ನೋಡಾಕ ಅಷ್ಟ."

ಫೋನು ಇಟ್ಟೆ. ಎರಡು ವರ್ಷದ ಹಿಂದೆ ಪತ್ರಿಕೆಯಲ್ಲಿ "ಅನಿಲ ಸೋರಿಕೆ: ಒಂಬತ್ತು ಮಹಿಳೆಯರ ಸಾವು" ಎಂದು ಓದಿ ನಾನು ಪುಟ ತಿರುಗಿಸಿದ್ದೆ. ಮಂಗಳವಾರ ರೊಟ್ಟಿ ಬರದಿದ್ದಾಗ ಮಾತ್ರ ಆ ಒಂಬತ್ತರಲ್ಲಿ ಒಬ್ಬಳು ರೇಣುಕಾ ಎಂದು ತಿಳಿದಿತ್ತು. ಉಳಿದ ಎಂಟರ ಹೆಸರು ಆಗಲೂ ಕೇಳಿರಲಿಲ್ಲ.

ಟಿಕೋಟಾದವರೆಗೆ ನಾನೂ ಅವರೊಂದಿಗೆ ಬಸ್ಸು ಹತ್ತಿದೆ. ನಗರ ದಾಟಿದ ಮೇಲೆ ಎಲ್ಲವನ್ನೂ ಹೇಳಿದೆ. ಹೆಸರು ಬೇಡ ಎಂದಿದ್ದು ನನಗೆ ಮೊದಲೇ ಗೊತ್ತಿತ್ತು ಎಂಬುದನ್ನೂ. ಬೈಯುತ್ತಾರೆ ಎಂದು ಕಾದೆ. ಅವರು ಕಿಟಕಿಯ ಹೊರಗೆ, ಸಾಲಾಗಿ ಹೋಗುತ್ತಿದ್ದ ದ್ರಾಕ್ಷಿ ತೋಟಗಳನ್ನು ನೋಡುತ್ತಿದ್ದರು.

"ಯಾರೂ ಕೇಳಲಿಲ್ಲ ಹಂಗಾರ," ಎಂದರು.

"ಆಯಿ, ಇನ್ನೊಮ್ಮೆ ಅಳ್ರಿ. ನಾ ಮೊಬೈಲಿನಾಗ ತಗೋತೀನಿ. ನಿಮ್ಮ ಊರಾಗ..."

"ಎರಡ ಸಲ ಹೆಂಗ ಅಳೂದು? ಒಮ್ಮೆ ಕುಂದ್ರಿಸಿದ್ದೆ, ಒಮ್ಮೆ ಎಬ್ಬಿಸಿ ಕಳಿಸೀನಿ." ಮಡಿಲಲ್ಲಿದ್ದ ಬಿಳಿ ಬಟ್ಟೆಯನ್ನು ಸುಮ್ಮನೆ ಮಡಿಸಿದರು, ಬಿಚ್ಚಿದರು. "ಅಳೂ ಮುಂದ ಏನ್ ಅಂದೆ ಅನ್ನೂದು ನನಗ ನೆನಪ ಉಳಿಯೂದಿಲ್ಲ. ಯಾರಿಗೂ ಉಳಿಯೂದಿಲ್ಲ. ಕೇಳಿದವರು ಇಟ್ಟುಕೋತಾರ." ಆಮೇಲೆ ಅವರ ಮುಖ ಸ್ವಲ್ಪ ತೆರೆದುಕೊಂಡಿತು. ನನ್ನ ಕಡೆ ತಿರುಗಿದರು. "ನೀ ಅಲ್ಲೇ ಇದ್ದೆಲ್ಲ ಬೇ! ಓದಿದಾಕಿ. ನೀ ಹೇಳು, ನಾ ಏನಂದೆ? ರೇಣೂಂದು ಹೇಳು. ಆ ಎಂಟು ಹುಡುಗ್ಯಾರದು ಹೇಳು. ನಾ ಊರಾಗ ಹೋಗಿ ಹೇಳ್ತೀನಿ."

"ಬುತ್ತಿ ಗಂಟ ಬಿಚ್ಚದ ಹೋದೆಲ್ಲ ಅಂದ್ರಿ," ಎಂದೆ.

"ಹೂಂ."

"ಕಡೀಕ, ಹೋಗಿ ಬಾ, ಕದಾ ಹಾಕೂದಿಲ್ಲ ಅಂದ್ರಿ."

"ಹೂಂ. ನಡುವ?"

ನಾನು ಕಣ್ಣು ಮುಚ್ಚಿದೆ. ಹಸಿರು ಅಂಕಿಗಳು ಓಡಿದವು. ಅವರ ಬೆನ್ನು ತೂಗಿತು. ಒಂದು ಹೆಸರೂ ಬರಲಿಲ್ಲ.

"ಬಾಳೊತ್ತು ಅತ್ರಿ ಆಯಿ."

"ಎಷ್ಟೊತ್ತು?"

"ಹನ್ನೊಂದು ನಿಮಿಷ ನಲವತ್ತು ಸೆಕೆಂಡು."

ಅವರು ತಲೆಯಾಡಿಸಿ ನನ್ನ ಬಾಯಿಯನ್ನೇ ನೋಡುತ್ತ ಕಾದರು. "ಮತ್ತ?" ಎಂದರು.

ಬಸ್ಸು ಟಿಕೋಟಾದ ನಿಲ್ದಾಣದೊಳಗೆ ತಿರುಗಿತು. ಕಳ್ಳಕವಟಗಿಯ ಬಸ್ಸು ಹೊರಡಲು ನಿಂತಿತ್ತು. ಮುರಿಗೆವ್ವ ಇನ್ನೂ ಸ್ವಲ್ಪ ಹೊತ್ತು ಕಾದು, ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದುಹೋದರು.